‘ಇರಬಹುದು’ ಮತ್ತು ‘ಇದೆ’: ರಸಾಯನ ಪ್ರಯೋಗಾಲಯದ ಕನ್ನಡವನ್ನು ಕುರಿತು

ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದೇ ಎಂಬ ಚರ್ಚೆಗೆ ನೂರು ವರ್ಷ ಮೀರಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗಲೂ, 1936ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಹೊರತಂದಾಗಲೂ ಪದಗಳ ಪ್ರಶ್ನೆ ಇದ್ದೇ ಇತ್ತು. ಇಂದಿಗೂ ವಾದ ಅಲ್ಲಿಯೇ ಸುತ್ತುತ್ತಿದೆ: ಸಂಸ್ಕೃತದಿಂದ ಕಟ್ಟಿದ ಪದವೋ, ಇಂಗ್ಲಿಷಿನ ಎರವಲೋ, ಕನ್ನಡದ್ದೇ ಪದವೋ? ಡಿ. ಎನ್. ಶಂಕರ ಭಟ್ಟರ ವ್ಯಾಕರಣ ಕೃತಿಗಳು ವಾಕ್ಯರಚನೆಗೆ ಸಾಕಷ್ಟು ಗಮನ ಕೊಟ್ಟಿದ್ದರೂ ಅವರ ಹೆಸರನ್ನು ಮುಂದಿಟ್ಟು ನಡೆಯುವ ಚರ್ಚೆ ಮತ್ತೆ ಪದಪಟ್ಟಿಗೇ ಮರಳುತ್ತದೆ. ವಿಜ್ಞಾನದ ಭಾಷೆಯೆಂದರೆ ನಾಮಪದಗಳ ಸಂಗ್ರಹವೆಂಬ ಈ ಗ್ರಹಿಕೆ ಪ್ರಯೋಗಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ನಮ್ಮ ವಾದ. ಅಲ್ಲಿ ಕೊರತೆಯಿರುವುದು ಪದಗಳಿಗಲ್ಲ, ಕ್ರಿಯಾಪದದ ಬಳಕೆಗೆ.

ಇದನ್ನು ಪರಿಶೀಲಿಸಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪ್ರದೇಶ ಅನುಕೂಲವಾಗಿದೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ ಮೊದಲಾದ ಮನೆಮಾತುಗಳ ಮಕ್ಕಳು ಇಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇವರಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವ ಹಂತದ ವಿಜ್ಞಾನ ವಿಭಾಗದಲ್ಲಿ ಒಮ್ಮೆಲೇ ಇಂಗ್ಲಿಷಿಗೆ ದಾಟುತ್ತಾರೆ. ದಾಟಿದವರಿಗೆ ಎದುರಾಗುವ ಮುಖ್ಯ ಪ್ರಯೋಗಗಳಲ್ಲೊಂದು ಲವಣ ವಿಶ್ಲೇಷಣೆ: ಕೊಟ್ಟ ಪುಡಿಯಲ್ಲಿ ಯಾವ ಲವಣವಿದೆಯೆಂದು ಆಮ್ಲಗಳನ್ನೂ ಇತರ ಕಾರಕಗಳನ್ನೂ ಬಳಸಿ ಹಂತಹಂತವಾಗಿ ಪತ್ತೆಹಚ್ಚುವುದು.

ಮೊದಲಿಗೆ ಪದಗಳನ್ನೇ ನೋಡೋಣ. ಈ ವಿದ್ಯಾರ್ಥಿಯ ಬಳಿ ‘ಉಪ್ಪು’, ‘ಲವಣ’, ‘ಸಾಲ್ಟ್’ ಎಂಬ ಮೂರು ಪದಗಳಿವೆ. ‘ಹುಳಿ’, ‘ಆಮ್ಲ’, ‘ಆಸಿಡ್’ ಎಂಬ ಇನ್ನೂ ಮೂರಿವೆ. ಇವು ಪರ್ಯಾಯಗಳಲ್ಲ. ಉಪ್ಪು ಅಡುಗೆಯದು, ಲವಣ ಒಂದು ವರ್ಗದ ಹೆಸರು. ಇಂಗ್ಲಿಷಿನಲ್ಲಿ ಒಂದೇ ಪದ ಹೊರುವ ಎರಡು ಅರ್ಥಗಳನ್ನು ಕನ್ನಡ ಬೇರ್ಪಡಿಸಿಕೊಟ್ಟಿದೆ. ‘ಆಸಿಡ್’ ಎಂದರೆ ಸುಡುವ ದ್ರವ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವನ್ನು ಮನೆಯಲ್ಲಿ ಕಂಡ ಬೆಳ್ತಂಗಡಿಯ ಹುಡುಗನಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಇನ್ನು ‘ಆಮ್ಲ’ ಕೊಂಕಣಿಯ ‘ಆಂಬಟ್’ ಪದಕ್ಕೆ ನಂಟು, ‘ಹುಳಿ’ ತುಳುವಿನ ‘ಪುಳಿ’ಗೆ ನಂಟು.

ಅರ್ಥ ತಾನಾಗಿ ತೋರುವ ಪದವೇ ಒಳ್ಳೆಯದೆಂಬ ವಾದವನ್ನೂ ಎಚ್ಚರದಿಂದ ನೋಡಬೇಕು. ‘ಆಮ್ಲಜನಕ’ ಎಂಬುದು ಲವ್ವಾಸಿಯೇ ಕಟ್ಟಿದ ಪದದ ನೇರ ಅನುವಾದ. ಎಲ್ಲ ಆಮ್ಲಗಳಲ್ಲಿಯೂ ಆ ಅನಿಲವಿದೆಯೆಂದು ಆತ ನಂಬಿದ್ದ. 1810ರ ಸುಮಾರಿಗೆ ಹಂಫ್ರಿ ಡೇವಿ, ಇಂದು ಹೈಡ್ರೋಕ್ಲೋರಿಕ್ ಎಂದು ಕರೆಯುವ ಆಮ್ಲದಲ್ಲಿ ಅದು ಇಲ್ಲವೆಂದು ತೋರಿಸಿದ. ಗ್ರೀಕ್ ಮೂಲದ ಪದ ಅಪಾರದರ್ಶಕವಾಗಿದ್ದರಿಂದ ಆ ತಪ್ಪು ಅಲ್ಲಿ ಮರೆಯಾಯಿತು. ಕನ್ನಡದಲ್ಲಿ ಅದು ಇಂದಿಗೂ ಕಣ್ಣಿಗೆ ಕಾಣುತ್ತದೆ.

ಪದಗಳಿಗೆ ಕೊರತೆಯಿಲ್ಲ, ಅವುಗಳ ನಡುವಿನ ಕೊಂಡಿಗೆ ಕೊರತೆಯಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಈ ಭಾಗದ ತೋಟಗಳಲ್ಲಿ ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಸಾಕಷ್ಟಾಗಿದೆಯೇ ಎಂದು ತಿಳಿಯಲು ಕತ್ತಿಯ ಅಲಗನ್ನೋ ಬ್ಲೇಡನ್ನೋ ಅದರಲ್ಲಿ ಅದ್ದಿ ನೋಡುವುದುಂಟು. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಹತ್ತನೆಯ ತರಗತಿಯ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿಟ್ಟು ‘ಸ್ಥಾನಪಲ್ಲಟ ಕ್ರಿಯೆ’ಯೆಂದು ಕಲಿಸುವುದು ಇದನ್ನೇ. ಆದರೆ ಮೈಲುತುತ್ತು, ತಾಮ್ರದ ಸಲ್ಫೇಟ್, ಕಾಪರ್ ಸಲ್ಫೇಟ್ ಮೂರೂ ಒಂದೇ ಎಂದು ಹೇಳುವ ವಾಕ್ಯ ತೋಟದಲ್ಲಾಗಲಿ ತರಗತಿಯಲ್ಲಾಗಲಿ ಸಹಜವಾಗಿ ಹುಟ್ಟುವುದಿಲ್ಲ. ಅಡಿಕೆ ಸಂಶೋಧನೆ ನಡೆಯುವ ವಿಟ್ಲ ಬಂಟ್ವಾಳ ತಾಲೂಕಿನಲ್ಲಿಯೇ ಇದೆ. ‘ಕೊಳೆರೋಗ’ ಎಂಬ ಕನ್ನಡ ಪದವಂತೂ ಎಲ್. ಸಿ. ಕೋಲ್ಮನ್ ಅವರ 1910ರ ಅಡಿಕೆ ರೋಗದ ವರದಿಯ ಮೂಲಕ ಸಸ್ಯರೋಗಶಾಸ್ತ್ರದ ಇಂಗ್ಲಿಷಿನಲ್ಲಿ ನೆಲೆಗೊಂಡಿದೆ. ಕಾಫಿಯ ಕಪ್ಪುಕೊಳೆಯನ್ನು ತರುವ ಶಿಲೀಂಧ್ರದ ಲ್ಯಾಟಿನ್ ಹೆಸರಿನಲ್ಲಿಯೂ ಅದು ಸೇರಿದೆ. ತೋಟದ ಪದ ಶಾಸ್ತ್ರದ ಪದವಾಗಲಾರದು ಎನ್ನುವವರು ಇದನ್ನು ಗಮನಿಸಬೇಕು.

ಈಗ ಕ್ರಿಯಾಪದಕ್ಕೆ ಬರೋಣ. ಪ್ರಯೋಗದ ದಾಖಲೆಯಲ್ಲಿ ಮೂರು ಅಂಕಣಗಳಿರುತ್ತವೆ: ಪ್ರಯೋಗ, ವೀಕ್ಷಣೆ, ನಿರ್ಣಯ. ಮಾಡಿದ್ದು, ಕಂಡದ್ದು, ಊಹಿಸಿದ್ದು ಇವು ಬೇರೆಬೇರೆಯೆಂಬ ಅರಿವೇ ಪ್ರಯೋಗವಿಜ್ಞಾನದ ತಳಹದಿ. ಆದರೆ ಬರಹದ ಕನ್ನಡ ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಅನುಕರಿಸಿ ಎಲ್ಲಕ್ಕೂ ‘-ಅಲಾಯಿತು’ ರೂಪವನ್ನೇ ಹಚ್ಚುತ್ತದೆ: ದ್ರಾವಣವನ್ನು ಕಾಯಿಸಲಾಯಿತು, ಪ್ರಕ್ಷೇಪವನ್ನು ಗಮನಿಸಲಾಯಿತು, ಸಲ್ಫೇಟ್ ಇದೆಯೆಂದು ತೀರ್ಮಾನಿಸಲಾಯಿತು. ವ್ಯಾಕರಣದ ದೃಷ್ಟಿಯಿಂದ ಇದು ನಿಜವಾದ ಕರ್ಮಣಿಯೂ ಅಲ್ಲ. ಕರ್ಮಪದ ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿದು ಕರ್ತೃ ಮಾತ್ರ ಮಾಯವಾಗುತ್ತದೆ. ಮಾಡಿದವರು ಮರೆಯಾದಂತೆ ಮಾಡಿದ್ದಕ್ಕೂ ಆದದ್ದಕ್ಕೂ ಇರುವ ಅಂತರವೂ ಮರೆಯಾಗುತ್ತದೆ.

ಪ್ರನಾಳವನ್ನು ಕೈಯಲ್ಲಿ ಹಿಡಿದವರ ಮಾತು ಹೀಗಿರುವುದಿಲ್ಲ. ‘ಹೀಟ್ ಮಾಡಿದೆವು’, ‘ಡಿಸಾಲ್ವ್ ಆಯಿತು’, ‘ವೈಟ್ ಪ್ರೆಸಿಪಿಟೇಟ್ ಬಂತು’ ಎಂಬ ಬಗೆಯ ಮಾತನ್ನು ಕಲಬೆರಕೆಯೆಂದು ಬದಿಗಿಡುವುದು ಸುಲಭ. ಆದರೆ ಎರವಲು ಬಂದಿರುವುದು ಇಲ್ಲಿ ಹೆಸರುಗಳು ಮತ್ತು ಧಾತುಗಳು ಮಾತ್ರ. ವಾಕ್ಯವನ್ನು ಹಿಡಿದಿರುವುದು ‘ಮಾಡು’, ‘ಆಗು’, ‘ಬರು’. ಮನುಷ್ಯ ಮಾಡಿದ್ದಕ್ಕೆ ಮೊದಲನೆಯದು, ವಸ್ತುವಿನಲ್ಲಿ ಆದದ್ದಕ್ಕೆ ಎರಡನೆಯದು, ಕಣ್ಣಿಗೆ ತೋರಿದ್ದಕ್ಕೆ ಮೂರನೆಯದು. ದಾಖಲೆ ಪುಸ್ತಕ ಅಳಿಸುವ ಭೇದವನ್ನು ಈ ಮಾತು ಉಳಿಸಿಕೊಂಡಿದೆ.

ಹೆಚ್ಚಿನ ನಷ್ಟ ಮೂರನೆಯ ಅಂಕಣದಲ್ಲಿ. ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಪ್ರಕ್ಷೇಪ ಬಂದರೆ ಸಲ್ಫೇಟ್ ಇರಬಹುದು. ಕಾರ್ಬೊನೇಟ್ ಕೂಡ ಬಿಳಿ ಪ್ರಕ್ಷೇಪವನ್ನೇ ಕೊಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಮೇಲೂ ಪ್ರಕ್ಷೇಪ ಕರಗದೆ ಉಳಿದರೆ ಸಲ್ಫೇಟ್ ಇದೆ. ಲವಣ ವಿಶ್ಲೇಷಣೆಯ ತರ್ಕವೆಲ್ಲ ಈ ‘ಇರಬಹುದು’ವಿನಿಂದ ‘ಇದೆ’ಗೆ ಹೋಗುವ ದಾರಿ. ಕನ್ನಡದಲ್ಲಿ ಈ ದಾರಿಗೆ ಮೆಟ್ಟಿಲುಗಳು ಧಾರಾಳವಾಗಿವೆ: ಇದ್ದೀತು, ಇರಬಹುದು, ಇರಬೇಕು, ಇದೆ, ಅತ್ತ ಇರಲಾರದು, ಇಲ್ಲ. ತುಳುವಿನಲ್ಲಿ ‘ಉಪ್ಪು’ ಎಂದರೆ ಲವಣವೂ ಹೌದು, ‘ಇದ್ದೀತು’ ಎಂಬ ಕ್ರಿಯಾರೂಪವೂ ಹೌದು, ಖಚಿತವಾದಾಗ ‘ಉಂಡು’. ಪ್ರಾಥಮಿಕ ಪರೀಕ್ಷೆಯಿಂದ ದೃಢೀಕರಣ ಪರೀಕ್ಷೆಗೆ ಹೋಗುವುದೆಂದರೆ ‘ಉಪ್ಪು’ವಿನಿಂದ ‘ಉಂಡು’ವಿಗೆ ಹೋಗುವುದು. ಮನೆಮಾತಿನಲ್ಲಿ ದಿನವೂ ಬಳಸುವ ಈ ಭೇದವನ್ನು ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಎರಡು ಇಂಗ್ಲಿಷ್ ಸೂತ್ರವಾಕ್ಯಗಳಾಗಿ ಬಾಯಿಪಾಠ ಮಾಡುತ್ತಾನೆ. ಬಾಯಿಪಾಠದಲ್ಲಿ ಸಂದೇಹಕ್ಕೂ ನಿಶ್ಚಯಕ್ಕೂ ವ್ಯತ್ಯಾಸ ಉಳಿಯುವುದು ಕಷ್ಟ.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದು: ಮುಂದಿನ ಓದು, ಪ್ರವೇಶ ಪರೀಕ್ಷೆ, ಉದ್ಯೋಗ ಎಲ್ಲವೂ ಇಂಗ್ಲಿಷಿನವು, ಎರಡು ವರ್ಷ ಕನ್ನಡದಲ್ಲಿ ತಡೆದು ನಿಲ್ಲಿಸಿದರೆ ಹಳ್ಳಿಯ ಮಕ್ಕಳೇ ಸೋಲುತ್ತಾರೆ. ನಾವು ಇದನ್ನು ಅಲ್ಲಗಳೆಯುವುದಿಲ್ಲ. ಇಂಗ್ಲಿಷನ್ನು ಕೈಬಿಡಬೇಕೆಂಬುದು ನಮ್ಮ ಸೂಚನೆಯಲ್ಲ. ದಾಖಲೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಮೊದಲು, ಮಾಡಿದ್ದೇನು, ಆದದ್ದೇನು, ಅದರಿಂದ ಏನು ಇದ್ದೀತು ಎಂದು ವಿದ್ಯಾರ್ಥಿ ತನ್ನ ಮಾತಿನಲ್ಲಿ ಬಾಯಿಬಿಟ್ಟು ಹೇಳಲಿ ಎಂಬಷ್ಟೇ ನಮ್ಮ ಕೋರಿಕೆ. ಇದಕ್ಕೆ ಹೊಸ ಪದಕೋಶ ಬೇಕಾಗಿಲ್ಲ.

ಭಾಷಾವಿಜ್ಞಾನಿಗಳಾದ ನಮ್ಮ ಪಾಲಿನ ಹೊಣೆಯೂ ಇಲ್ಲಿಯೇ ಇದೆ. ಪಾರಿಭಾಷಿಕ ಪದಗಳ ಎಣಿಕೆಗೆ ಕೊಟ್ಟ ಶ್ರಮದ ಒಂದು ಪಾಲನ್ನು ಪ್ರಯೋಗಾಲಯದಲ್ಲಿ ಆಡುವ ಮಾತಿನ ವಿವರಣೆಗೆ ಕೊಟ್ಟರೆ, ಕನ್ನಡದಲ್ಲಿ ವಿಜ್ಞಾನ ಸಾಧ್ಯವೇ ಎಂಬ ಹಳೆಯ ಪ್ರಶ್ನೆಯನ್ನು ಬೇರೆಯಾಗಿ ಕೇಳಬೇಕಾಗುತ್ತದೆ. ಕತ್ತಿಯ ಅಲಗು ಕೆಂಪಾದದ್ದನ್ನು ಕಂಡು ‘ಸುಣ್ಣ ಸಾಲದು’ ಎಂದವರು ಆಗಲೇ ವೀಕ್ಷಣೆಯಿಂದ ನಿರ್ಣಯಕ್ಕೆ ಬಂದಿದ್ದಾರೆ. ಆ ವಾಕ್ಯಕ್ಕೂ ದಾಖಲೆ ಪುಸ್ತಕದ ವಾಕ್ಯಕ್ಕೂ ನಡುವೆ ಏನು ಕಳೆದುಹೋಗುತ್ತದೆ ಎಂಬುದು ಇನ್ನು ಮುಂದಿನ ಪ್ರಶ್ನೆ.