ಜ್ವರದ ಅಂಕಣ: ಘಟ್ಟದ ಮೇಲಿನ ಮರಣಲೆಕ್ಕ ಮತ್ತು ಜನಪದ ರೋಗನಾಮಗಳು

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. 1901ರಲ್ಲಿ 4,54,490 ಇದ್ದ ಜಿಲ್ಲೆಯ ಜನಸಂಖ್ಯೆ 1911 ಮತ್ತು 1921ರ ಎರಡೂ ಗಣತಿಗಳಲ್ಲಿ ಇಳಿಮುಖವಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಟ್ಟಿಗೆ ಈ ಇಳಿಕೆಗೆ ಮಲೇರಿಯಾ ಒಂದು ಮುಖ್ಯ ಕಾರಣವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಆಧಾರವಾಗಿ ಬಳಸುವ ಮರಣಸಂಖ್ಯೆಗಳು ಹೇಗೆ ಸಿದ್ಧವಾದವು ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಹಳ್ಳಿಗಳಲ್ಲಿ ಜನನ-ಮರಣಗಳನ್ನು ದಾಖಲಿಸುತ್ತಿದ್ದವರು ವೈದ್ಯರಲ್ಲ, ಗ್ರಾಮಾಧಿಕಾರಿಗಳು. ಅವರ ಮುಂದಿದ್ದ ಅಂಕಣಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ-ಅತಿಸಾರ, ಶ್ವಾಸರೋಗ, ಅಪಘಾತ, ಇತರೆ. ಹೆಗ್ಗರಣೆಯಂತಹ ಊರಿನ ಒಂದು ಸಾವು ಮನೆಯವರ ಮಾತಿನಿಂದ ಹೊರಟು ಈ ಅಂಕಣಗಳಲ್ಲೊಂದನ್ನು ಸೇರಬೇಕಿತ್ತು. ಆದ್ದರಿಂದ ಮರಣಲೆಕ್ಕದ ಮೂಲಧಾತು ಜನಪದ ರೋಗನಾಮವೇ ಆಗಿದೆ. ಅಂಕಿಅಂಶವನ್ನು ಶಾಸ್ತ್ರವೆಂದೂ ಜನರ ಮಾತನ್ನು ನಂಬಿಕೆಯೆಂದೂ ಬೇರ್ಪಡಿಸುವ ಕ್ರಮ ಇಲ್ಲಿ ನಿಲ್ಲುವುದಿಲ್ಲ.

ಜನರ ಹೆಸರು ಮತ್ತು ಸರಕಾರದ ಅಂಕಣ ಒಂದಾದೆಡೆ ಲೆಕ್ಕ ಹೆಚ್ಚು ವಿಶ್ವಸನೀಯ. ವಾಂತಿಭೇದಿ ಕಾಲರಾದ ಅಂಕಣಕ್ಕೆ ನೇರವಾಗಿ ಸಲ್ಲುತ್ತದೆ. ‘ಅಮ್ಮ’ ಎಂಬ ಹೆಸರು ಸಿಡುಬಿನೊಂದಿಗೆ ದಡಾರವನ್ನೂ ಒಳಗೊಳ್ಳಬಲ್ಲದಾದರೂ ಮೈಮೇಲಿನ ಗುರುತು ಸ್ಪಷ್ಟವಾದ್ದರಿಂದ ಗೊಂದಲ ಮಿತವಾದುದು. ಇವು ಹೊರಗಿನಿಂದ ಬಂದು ಹೋಗುವ ರೋಗಗಳು. ಮಾರಿಯನ್ನು ಊರಗಡಿ ದಾಟಿಸುವ ಮಲೆನಾಡಿನ ಆಚರಣೆಯ ತರ್ಕವೂ ಇದೇ. ವರ್ಷವಿಡೀ ಊರಲ್ಲೇ ನೆಲೆಸಿದ ಚಳಿಜ್ವರವನ್ನು ಯಾವ ಗಡಿ ದಾಟಿಸುವುದು?

ಜ್ವರದ ಅಂಕಣದ ಸಮಸ್ಯೆ ಇರುವುದು ಇಲ್ಲಿಯೇ. ದಿನ ಬಿಟ್ಟು ದಿನ ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ, ನಡುಕವಿರುವುದು, ಇಲ್ಲದುದು ಎಂದು ಮಾತಿನಲ್ಲಿ ವಿಂಗಡಿಸಬಹುದಾದದ್ದು ಪುಸ್ತಕದಲ್ಲಿ ಒಂದೇ ಶಬ್ದವಾಯಿತು. 1918ರ ಇನ್‌ಫ್ಲುಯೆಂಜಾ ಸಾವುಗಳಲ್ಲಿ ಬಹುಪಾಲು ದೇಶದಾದ್ಯಂತ ಇದೇ ಅಂಕಣದಲ್ಲಿ ಸೇರಿಹೋದವು. ಹೀಗಾಗಿ ಜ್ವರಮರಣವನ್ನು ಮಲೇರಿಯಾ ಮರಣವೆಂದು ಓದುವುದು ಎಷ್ಟು ತಪ್ಪೋ, ಮಲೇರಿಯಾದ ಹಾನಿಯನ್ನು ಆ ಅಂಕಣಕ್ಕೆ ಮಾತ್ರ ಸೀಮಿತಗೊಳಿಸುವುದೂ ಅಷ್ಟೇ ತಪ್ಪು. ಪದೇಪದೇ ಜ್ವರ ಬಂದು ರಕ್ತಹೀನಳಾದ ಬಾಣಂತಿಯ ಸಾವು ‘ಇತರೆ’ಗೆ ಹೋಗಬಹುದು, ಘಟ್ಟದ ಮೇಲೆ ದುಡಿಯಲು ಬಂದು ಜ್ವರ ಹಿಡಿದು ಮರಳಿದ ಕೂಲಿಯವನ ಸಾವು ಕರಾವಳಿಯ ಹಳ್ಳಿಯ ಲೆಕ್ಕಕ್ಕೆ ಸೇರಬಹುದು.

ಮಲೇರಿಯಾ ತಜ್ಞರು ಮರಣಸಂಖ್ಯೆಯೊಂದನ್ನೇ ನೆಚ್ಚದೆ ಮಕ್ಕಳಲ್ಲಿ ಗುಲ್ಮ ಊದಿದವರ ಶೇಕಡಾವಾರನ್ನು ಎಣಿಸುತ್ತಿದ್ದುದು ಈ ಕಾರಣಕ್ಕಾಗಿಯೇ. ‘ಹೊಟ್ಟೆಯಲ್ಲಿ ಗಡ್ಡೆ’ ಎಂದು ತಾಯಂದಿರು ಕೈಯಿಂದ ಮುಟ್ಟಿ ಹೇಳುತ್ತಿದ್ದುದನ್ನೇ ವೈದ್ಯರು ಮುಟ್ಟಿ ಎಣಿಸಿದರು. ಘಟ್ಟದ ತಪ್ಪಲುಗಳಲ್ಲಿ ರೋಗವಾಹಕವಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಹರಿಯುವ ತಿಳಿನೀರಿನ ಹಳ್ಳ-ಕಾಲುವೆಗಳ ಅಂಚಿನಲ್ಲಿ ಬೆಳೆಯುವಂಥದು. ಅಡಕೆ ತೋಟವನ್ನು ಬದುಕಿಸುವ ನೀರೇ ತೋಟಿಗನನ್ನು ಕೊಲ್ಲುವ ವಿಪರ್ಯಾಸ ಅದರಲ್ಲಿದೆ. 1940ರ ದಶಕದ ಮಧ್ಯದಲ್ಲಿ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡದ ಹಳ್ಳಿಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಬಳಿಕವೇ ರೋಗ ಇಳಿಮುಖವಾಯಿತು.

ಜನಪದ ರೋಗನಾಮ ಅಂಕಣಕ್ಕಿಂತ ಮುಂದೆ ಹೋಗಬಲ್ಲದೆಂಬುದಕ್ಕೆ ನೆರೆಯ ಸೊರಬ ತಾಲ್ಲೂಕಿನ ನಿದರ್ಶನವಿದೆ. 1957ರಲ್ಲಿ ಕ್ಯಾಸನೂರು ಕಾಡಿನ ಪರಿಸರದಲ್ಲಿ ಪತ್ತೆಯಾದ ಜ್ವರವನ್ನು ಜನ ‘ಮಂಗನ ಕಾಯಿಲೆ’ ಎಂದರು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಇರುವ ನಂಟು ಆ ಹೆಸರಿನಲ್ಲೇ ಅಡಕವಾಗಿದೆ. ಯುದ್ಧಪೂರ್ವದ ಪುಸ್ತಕಗಳಲ್ಲಾಗಿದ್ದರೆ ಅದೂ ಬರಿಯ ‘ಜ್ವರ’ವಾಗಿರುತ್ತಿತ್ತು. 2024ರಲ್ಲಿ ಸಿದ್ದಾಪುರ ತಾಲ್ಲೂಕು ಮತ್ತೆ ಈ ಕಾಯಿಲೆಯಿಂದ ಸಾವುಗಳನ್ನು ಕಂಡಿತು.

ಆದುದರಿಂದ ಮರಣದಾಖಲೆಗಳನ್ನು ಓದುವ ಸಂಶೋಧಕರು ಅಂಕಣದ ಹಿಂದಿನ ಮಾತನ್ನು ಕೇಳಿಸಿಕೊಳ್ಳುವುದು ಅಗತ್ಯ. ಅಂತೆಯೇ ರೋಗನಾಮಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಆ ಹೆಸರುಗಳನ್ನು ಅಂಕಿಅಂಶದ ಪಕ್ಕದಲ್ಲಿಟ್ಟು ಒರೆಗೆ ಹಚ್ಚಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿದರೆ ಘಟ್ಟದ ಮೇಲೆ ಸತ್ತವರು ಎರಡನೆಯ ಬಾರಿಗೆ ಲೆಕ್ಕದಿಂದ ಹೊರಗುಳಿಯುತ್ತಾರೆ.