ಕಿಟಕಿಯ ಅಂಚಿನ ಕೊಕ್ಕೆ

2005ನೆಯ ಇಸವಿಯ ಜನವರಿ 23ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಅಕ್ರಮವಾಗಿ ಎಬ್ಬಿಸಿದ ಅಡ್ಡಗೋಡೆಗಳು ಹೊರದಾರಿಯನ್ನು ಮರೆಮಾಡಿದ್ದ ಮನೆಯೊಂದರ ನಾಲ್ಕನೆಯ ಅಂತಸ್ತಿನಿಂದ ಆರು ಮಂದಿ ಅಗ್ನಿಶಾಮಕರು ಧುಮುಕಿ, ಇಬ್ಬರು ಮೃತರಾದ ಪ್ರಸಂಗವನ್ನು ಬಲ್ಲವರಿಗೆ ಮತ್ತೆ ವಿವರಿಸಬೇಕಾಗಿಲ್ಲ. 2000ನೆಯ ಇಸವಿಯಲ್ಲಿ ಆ ನಗರದ ಅಗ್ನಿಶಾಮಕ ಇಲಾಖೆಯು ಹಿಂತೆಗೆದುಕೊಂಡಿದ್ದ ಆತ್ಮರಕ್ಷಣೆಯ ಹಗ್ಗವು ದುರಂತದ ವರ್ಷವೇ ಸೊಂಟಪಟ್ಟಿ, ಉಕ್ಕಿನ ಕೊಕ್ಕೆ, ಇಳಿಯುವ ವೇಗವನ್ನು ತಡೆಯುವ ಸಾಧನ ಇವುಗಳ ಸಮೇತ ಮರಳಿತು. ಶಿಕ್ಷಣ ಗೋಪುರದ ಕಿಟಕಿಯಿಂದ ಜಾರಿ ಇಳಿಯುವ ಅಭ್ಯಾಸಕ್ಕೆ ಮಹಾಕೀರ್ತಿಯೂ ಒದಗಿತು. ಸಾಧನವು ಆ ಕೀರ್ತಿಗೆ ಅರ್ಹವೇ. ಅಭ್ಯಾಸವು ಅರ್ಧಾಂಶಕ್ಕೆ ಮಾತ್ರ.

ಪಾರಾಗುವುದನ್ನು ಕಲಿತವನು ಬೆಂಕಿಯೊಳಗೆ ಮಿತಿಮೀರಿ ನಿಲ್ಲುವನೆಂದು ಈ ಶಿಕ್ಷಣವನ್ನೇ ಹಳಿಯುವ ಪಂಡಿತರೂ ಇದ್ದಾರೆ. ಅವರ ಪಕ್ಷ ನನ್ನದಲ್ಲ. ಬ್ರಾಂಕ್ಸಿನ ಆ ಆರು ಮಂದಿಯ ನಡುವೆ ಇದ್ದುದು ಒಬ್ಬಾತನು ಸ್ವಂತ ಹಣದಿಂದ ಕೊಂಡಿದ್ದ ಹಗ್ಗವೊಂದೇ. ಇಬ್ಬರಿಗೆ ನೆರವಾದುದೂ ಅದೇ. ಉಳಿದವರು ಯಾವ ಹಗ್ಗವನ್ನು ನೆಚ್ಚಿ ಒಳಗೆ ನಿಂತಿದ್ದರೆಂಬುದನ್ನು ಈ ಪಂಡಿತರು ತಿಳಿಸಿದರೆ ಉಪಕಾರವಾದೀತು.

ನನ್ನ ಆಕ್ಷೇಪವೇ ಬೇರೆ. ನೋಡುವವರು ಕೊಂಡಾಡುವುದು ಇಳಿವನ್ನು. ಆದರೆ ದೇಹವು ಗೋಡೆಯ ಹೊರಗೆ ತೂಗತೊಡಗಿದ ಮೇಲೆ ಕೆಲಸದ ಬಹುಭಾಗವನ್ನು ಸಾಧನವೇ ನಿರ್ವಹಿಸುತ್ತದೆ. ಅದಕ್ಕೆ ಮುಂಚೆ, ಕಣ್ಣು ಕಾಣದ ಹೊಗೆಯಲ್ಲಿ, ದಪ್ಪ ಕೈಗವಸಿನ ಬೆರಳುಗಳಿಂದ ತಡವಿ, ಕಿಟಕಿಯ ಕೆಳ ಅಂಚಿನ ಮೂಲೆಗೆ ಕೊಕ್ಕೆಯನ್ನು ನಾಟಿಸಿ, ಒಂದು ಕೈಯಿಂದ ಅದನ್ನು ಅಲ್ಲಿಯೇ ಅದುಮಿ, ಮೇಲ್ಭಾಗದಿಂದ ಹೊರನುಗ್ಗುವ ಉಷ್ಣಕ್ಕೆ ತಲೆಯೊಡ್ಡದೆ, ಹೊಟ್ಟೆಯನ್ನು ಅಂಚಿಗೆ ಉಜ್ಜಿಕೊಂಡು ಹೊರಳುವಾಗ, ಭಾರವೆಲ್ಲ ಹಗ್ಗಕ್ಕೆ ಬೀಳುವ ಮುನ್ನ ಅದು ಗೇಣುದ್ದ ಸಡಿಲವಾದರೂ ಕೊಕ್ಕೆ ಕಳಚೀತು. ಗೋಪುರದಲ್ಲಾದರೋ ಅದು ಎಲ್ಲಿ ಹಿಡಿಯುವುದೆಂಬುದು ಮೊದಲೇ ಗೊತ್ತು. ಹಿಂದಿನವರ ಕೊಕ್ಕೆಗಳು ತಿಂದ ಗುರುತೇ ಅಂಚಿನಲ್ಲಿ ಕಾಣುತ್ತದೆ. ಮೇಲಾಗಿ ಕಲಿಯುವವನಿಗೆ ಬಿಗಿದ ಎರಡನೆಯ ಹಗ್ಗವೊಂದು ಕಾವಲಿಗಿರುತ್ತದೆ. ಅದು ಬೇಡವೆನ್ನುವ ಕ್ರೌರ್ಯ ನನಗಿಲ್ಲ; ಅದು ಪ್ರಾಣದೊಂದಿಗೆ ತಪ್ಪನ್ನೂ ಕಾಪಾಡುತ್ತದೆ ಎಂಬುದಷ್ಟೇ ನನ್ನ ದೂರು. ಕೊಕ್ಕೆ ಅರೆಬರೆಯಾಗಿ ಹಿಡಿದಿದ್ದರೂ ಶಿಷ್ಯನು ಸುಖವಾಗಿ ನೆಲ ಮುಟ್ಟಿ ಭೇಷ್ ಎನ್ನಿಸಿಕೊಳ್ಳುತ್ತಾನೆ.

ನೆಲದಿಂದ ಮೂರಡಿ ಎತ್ತರದ ಕಿಟಕಿಯೊಂದರ ಕೆಳಗೆ ಮೆತ್ತೆ ಹಾಸಿ, ಮುಖಗವಸಿನ ಗಾಜನ್ನು ಮುಚ್ಚಿ, ಒಂದು ದಿನ ಮರದ ಅಂಚು, ಇನ್ನೊಂದು ದಿನ ನುಣುಪು ಕಲ್ಲು, ಮತ್ತೊಂದು ದಿನ ಹಿಡಿತಕ್ಕೆ ಅಂಚೇ ಸಿಗದಂತೆ ಅಡ್ಡವಿಟ್ಟ ಸಾಮಾನು, ಹೀಗೆ ಒಡ್ಡಿದರೆ, ಕಳಚಿದ ಕೊಕ್ಕೆಯು ಬೋಧಕನ ಬಾಯಿಗೆ ಕಾಯದೆ ಆಗಲೇ ತಪ್ಪನ್ನು ತಿಳಿಸುತ್ತದೆ. ನೋಟಕರಿಗೆ ಇದರಲ್ಲಿ ರಸವಿಲ್ಲ, ಭಾವಚಿತ್ರಕ್ಕೂ ಒಗ್ಗದು. ಗೋಪುರವನ್ನೇರುವ ಅನುಮತಿ ಆಮೇಲಿನದು.