ಸಪ್ತಸ್ತರಗಳೂ ಕಾಲಕ್ರಮವೂ: ಕಂಪ್ಯೂಟರ್ ಜಾಲಗಳ ಎರಡು ಪ್ರವೇಶಗ್ರಂಥಗಳ ವಿಮರ್ಶೆ

ಕಂಪ್ಯೂಟರ್ ಜಾಲಗಳನ್ನು ಕುರಿತ ಪ್ರಥಮ ಪಾಠವು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರದಿಂದ ಆರಂಭವಾಗುತ್ತದೆ. ಒಂದರ ಮೇಲೊಂದರಂತೆ ಜೋಡಿಸಿದ ಏಳು ಸ್ತರಗಳ ಆ ಚಿತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆಯುತ್ತಾರೆ. ಸ್ತರಗಳು ಏಳೇ ಏಕೆ, ಅವನ್ನು ಯಾರು, ಎಂದು, ಯಾವ ಉದ್ದೇಶದಿಂದ ಕಲ್ಪಿಸಿದರು ಎಂಬ ಪ್ರಶ್ನೆ ಮಾತ್ರ ಏಳುವುದು ಅಪೂರ್ವ. ಈ ಪ್ರಶ್ನೆಯಲ್ಲಿ ಇತಿಹಾಸದ ಅಂಶವೂ ಸೇರಿರುವುದರಿಂದ, ಇತಿಹಾಸದ ಅಧ್ಯಾಪಕನೊಬ್ಬನು ಅದನ್ನು ವಿಚಾರಿಸುವುದು ಅನಧಿಕಾರ ಪ್ರವೇಶವಾಗಲಾರದೆಂದು ನಂಬಿದ್ದೇನೆ.

ಈ ವಿಷಯದಲ್ಲಿ ಬಹುಪ್ರಚಾರದಲ್ಲಿರುವ ಎರಡು ಪ್ರವೇಶಗ್ರಂಥಗಳನ್ನು ಇಲ್ಲಿ ಪರಿಶೀಲಿಸಿದೆ. ಆಂಡ್ರ್ಯೂ ಟಾನೆನ್‌ಬಾಮ್ ಅವರ ‘ಕಂಪ್ಯೂಟರ್ ನೆಟ್‌ವರ್ಕ್ಸ್’ 1981ರಲ್ಲಿ ಮೊದಲು ಪ್ರಕಟವಾಯಿತು. ಜೇಮ್ಸ್ ಕುರೋಸ್ ಮತ್ತು ಕೀತ್ ರಾಸ್ ಅವರು ರಚಿಸಿದ, ‘ಟಾಪ್-ಡೌನ್ ಅಪ್ರೋಚ್’ ಎಂದು ಪ್ರಸಿದ್ಧವಾದ ಗ್ರಂಥವು ಅದಾದ ಸುಮಾರು ಎರಡು ದಶಕಗಳ ಮೇಲೆ ಹೊರಬಂದಿತು. ಮೊದಲನೆಯದು ತಂತಿ ಮತ್ತು ಸಂಕೇತಗಳಿಂದ ಆರಂಭಿಸಿ ಮೇಲಕ್ಕೆ ಏರುತ್ತದೆ. ಎರಡನೆಯದು ವಿದ್ಯಾರ್ಥಿಗೆ ಪರಿಚಿತವಾದ ಜಾಲಪುಟ, ಇ-ಮೇಲ್‌ಗಳಿಂದ ಆರಂಭಿಸಿ ಕೆಳಕ್ಕೆ ಇಳಿಯುತ್ತದೆ. ಎರಡೂ ಉತ್ತಮ ಗ್ರಂಥಗಳೆಂಬುದು ನಿರ್ವಿವಾದ. ಕುರೋಸ್ ಮತ್ತು ರಾಸ್ ಮೊದಲ ಅಧ್ಯಾಯದ ಕೊನೆಯ ಭಾಗದಲ್ಲಿ ಜಾಲಗಳ ಚರಿತ್ರೆಗೆ ಸ್ಥಳ ಕೊಟ್ಟಿದ್ದಾರೆ. ಟಾನೆನ್‌ಬಾಮ್ ಇನ್ನೂ ಮುಂದೆ ಹೋಗಿ, ಸಪ್ತಸ್ತರ ಮಾದರಿಯು ಕಾಲ, ತಂತ್ರ, ಅನುಷ್ಠಾನ, ರಾಜಕೀಯ ಎಂಬ ನಾಲ್ಕು ಕಾರಣಗಳಿಂದ ಸೋತಿತೆಂದು ದಿಟ್ಟವಾಗಿ ವಿಮರ್ಶಿಸಿದ್ದಾರೆ. ನನ್ನ ಆಕ್ಷೇಪಣೆ ಬೇರೆ. ಎರಡು ಗ್ರಂಥಗಳಲ್ಲಿಯೂ ಚರಿತ್ರೆ ಒಂದು ಪ್ರಕರಣವಾಗಿ ಬಂದಿದೆಯೇ ಹೊರತು ವಿಷಯನಿರೂಪಣೆಯ ಅಂಗವಾಗಿ ಬಂದಿಲ್ಲ.

ಮೊದಲು ಕಾಲಕ್ರಮವನ್ನು ನೋಡಬಹುದು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಭಿನ್ನ ಭಿನ್ನ ಜಾಲಗಳನ್ನು ಒಂದುಗೂಡಿಸುವ ವಿಧಾನವನ್ನು 1974ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅಲ್ಲಿ ಇದ್ದುದು ಒಂದೇ ಪ್ರೋಟೊಕಾಲ್. ಅದು ಟಿಸಿಪಿ ಮತ್ತು ಐಪಿ ಎಂದು ಎರಡಾದುದು 1978ರಲ್ಲಿ. ಇವೆರಡರ ನಿರೂಪಣೆಗಳು 1981ರ ಸೆಪ್ಟೆಂಬರ್‌ನಲ್ಲಿ ಹೊರಬಂದವು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲವು ಹಳೆಯ ಪ್ರೋಟೊಕಾಲನ್ನು ಬಿಟ್ಟು ಇವನ್ನು ಅಂಗೀಕರಿಸಿತು. ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆಯ ಓಎಸ್‌ಐ ಎಂಬ ಸಪ್ತಸ್ತರ ಮಾದರಿಯು ಪ್ರಮಾಣವಾಗಿ ಪ್ರಕಟವಾದುದು 1984ರಲ್ಲಿ. ಅಂದಮೇಲೆ ಇಂಟರ್‌ನೆಟ್ಟು ಏಳು ಸ್ತರಗಳಿಂದ ಹುಟ್ಟಿದುದಲ್ಲ. ಆ ಮಾದರಿಯ ‘ಸೆಷನ್’ ಮತ್ತು ‘ಪ್ರೆಸೆಂಟೇಷನ್’ ಸ್ತರಗಳಿಗೆ ಇಂಟರ್‌ನೆಟ್ಟಿನ ರಚನೆಯಲ್ಲಿ ಪ್ರತ್ಯೇಕ ಸ್ಥಾನವೇ ಇಲ್ಲ. ಇಸವಿಗಳು ಪಠ್ಯಗ್ರಂಥಗಳಲ್ಲಿ ಇಲ್ಲವೆಂದಲ್ಲ. ಆದರೆ ಚಿತ್ರವು ಮೊದಲು ಬಂದು ಮನಸ್ಸಿನಲ್ಲಿ ನೆಟ್ಟುಹೋದ ಬಳಿಕ, ವಿದ್ಯಾರ್ಥಿಯು ಪ್ರತಿಸ್ಪರ್ಧಿಯನ್ನೇ ಮೂಲವೆಂದು ಭ್ರಮಿಸುತ್ತಾನೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮವಾದುದು. ಕುರೋಸ್-ರಾಸ್ ಗ್ರಂಥದ ಮೂರನೆಯ ಅಧ್ಯಾಯವು ವಿಶ್ವಸನೀಯ ದತ್ತಾಂಶ ರವಾನೆಯನ್ನು ಹಂತಹಂತವಾಗಿ ಕಟ್ಟುತ್ತದೆ. ದೋಷವೇ ಇಲ್ಲದ ದಾರಿಯನ್ನು ಮೊದಲು ಊಹಿಸಿ, ಅನಂತರ ಬಿಟ್‌ಗಳು ಕೆಡುವುದನ್ನೂ ಪ್ಯಾಕೆಟ್‌ಗಳು ಕಳೆದುಹೋಗುವುದನ್ನೂ ಒಪ್ಪಿಕೊಂಡು, ಪ್ರತಿಯೊಂದು ತೊಡಕಿಗೂ ಸ್ವೀಕೃತಿ, ಕ್ರಮಸಂಖ್ಯೆ, ಕಾಲಮಿತಿ ಎಂಬ ಪರಿಹಾರಗಳನ್ನು ಸೇರಿಸುತ್ತ ಹೋಗುತ್ತದೆ. ಬೋಧನೆಯ ದೃಷ್ಟಿಯಿಂದ ಇದು ಅತ್ಯಂತ ಶ್ಲಾಘ್ಯವಾದ ಅಧ್ಯಾಯ. ಆದರೆ ಇದು ತರ್ಕದ ಕ್ರಮ, ಚರಿತ್ರೆಯ ಕ್ರಮವಲ್ಲ. ಅರ್ಪಾನೆಟ್ಟಿನಲ್ಲಿ ವಿಶ್ವಸನೀಯತೆಯ ಹೊಣೆಯನ್ನು ಬಹುಮಟ್ಟಿಗೆ ಜಾಲವೇ ಹೊತ್ತಿತ್ತು. ಫ್ರಾನ್ಸಿನಲ್ಲಿ ಲೂಯಿ ಪೂಜಾನ್ ಅವರ ನೇತೃತ್ವದ ಸಿಕ್ಲಾಡ್ ಜಾಲವು 1970ರ ದಶಕದಲ್ಲಿ ಆ ಹೊಣೆಯನ್ನು ತುದಿಯ ಕಂಪ್ಯೂಟರ್‌ಗಳಿಗೆ ವಹಿಸಿತು. ಇಂಟರ್‌ನೆಟ್ಟು ಹಿಡಿದುದು ಈ ಎರಡನೆಯ ಮಾರ್ಗವನ್ನು. ಅದು ಸೂತ್ರದಿಂದ ಸಿದ್ಧಿಸಿದ ಫಲವಲ್ಲ, ಎರಡು ಮಾರ್ಗಗಳಲ್ಲಿ ಒಂದರ ಆಯ್ಕೆ.

ಆಯ್ಕೆಗಳಿಗೆ ಬೆಲೆ ತೆರಬೇಕಾಗುತ್ತದೆ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಿನ ರವಾನೆಯ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ದಟ್ಟಣೆಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳನ್ನು ತುದಿಯ ಕಂಪ್ಯೂಟರ್‌ಗಳು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನೇ ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವು ಇಂದು ಟಿಸಿಪಿಯ ಸಹಜಗುಣವೆಂಬಂತೆ ಬೋಧಿತವಾಗುತ್ತಿದೆ. 1981ರ ಟಿಸಿಪಿಯಲ್ಲಿ ಅದು ಇರಲಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕಾರ್ಯಜ್ಞಾನ ಸಾಲದೆ, ಚರಿತ್ರೆಗೆ ಸಮಯವೆಲ್ಲಿದೆ ಎಂದು ಕೇಳುವವರುಂಟು. ಐಪಿ ವಿಳಾಸಕ್ಕೆ 32 ಬಿಟ್‌ಗಳನ್ನು ಗೊತ್ತುಮಾಡಿದಾಗ ದೊರೆತ ಸುಮಾರು 429 ಕೋಟಿ ವಿಳಾಸಗಳು ಅಂದಿನ ಪ್ರಾಯೋಗಿಕ ಜಾಲಕ್ಕೆ ಧಾರಾಳವಾಗಿದ್ದವು. 2011ರ ಫೆಬ್ರವರಿಯಲ್ಲಿ ಕೇಂದ್ರ ಸಂಗ್ರಹವು ಬರಿದಾಯಿತು. 128 ಬಿಟ್‌ಗಳ ಹೊಸ ವಿಧಾನದ ನಿರೂಪಣೆ 1995ರಲ್ಲಿಯೇ ಪ್ರಕಟವಾಗಿದ್ದರೂ ಹಳೆಯದು ಇಂದಿಗೂ ಬಳಕೆಯಲ್ಲಿದೆ. ನಿಯಮವನ್ನು ಯಾವ ಸಂದರ್ಭಕ್ಕೆಂದು ರಚಿಸಿದರೆಂಬುದನ್ನು ಅರಿಯದವರು, ಸಂದರ್ಭ ಬದಲಾದಾಗ ಅದನ್ನು ಉಳಿಸಬೇಕೋ ಬಿಡಬೇಕೋ ಎಂದು ನಿರ್ಣಯಿಸಲಾರರು. ನಾಳಿನ ಜಾಲಗಳನ್ನು ಕಟ್ಟಬೇಕಾದವರಿಗೆ ಈ ನಿರ್ಣಯಶಕ್ತಿಯೂ ಕಾರ್ಯಜ್ಞಾನವೇ ಸರಿ.

ಇದಕ್ಕೆ ಬೇಕಾದ ಆಕರಗಳು ದುರ್ಲಭವಲ್ಲ. 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಬರೆದ ಟಿಪ್ಪಣಿಯಿಂದ ಮೊದಲಾಗಿ, ‘ಅಭಿಪ್ರಾಯ ಕೋರಿಕೆ’ ಎಂಬ ವಿನಯದ ಹೆಸರಿನ ಆರ್‌ಎಫ್‌ಸಿ ದಾಖಲೆಗಳು ಸಂಖ್ಯೆ, ತಿಂಗಳು, ಇಸವಿಗಳೊಡನೆ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಒಮ್ಮೆ ಪ್ರಕಟವಾದುದನ್ನು ತಿದ್ದುವ ವಾಡಿಕೆಯಿಲ್ಲ. ಹಿಂದಿನ ದತ್ತಿಯನ್ನು ನವೀಕರಿಸುವ ಅರಸನು ಹಳೆಯ ಕಲ್ಲನ್ನು ಒಡೆಯದೆ ಹೊಸ ಶಾಸನವನ್ನು ಹಾಕಿಸುವಂತೆ, ಹೊಸ ದಾಖಲೆ ಹಳೆಯದರ ಸ್ಥಾನಕ್ಕೆ ಬರುತ್ತದೆ. 1981ರ ಟಿಸಿಪಿ ನಿರೂಪಣೆಯಾದ 793ನೆಯ ಸಂಖ್ಯೆಯ ಸ್ಥಾನಕ್ಕೆ 9293ನೆಯದು 2022ರ ಆಗಸ್ಟ್‌ನಲ್ಲಿ ಬಂದಿತು. ಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಇಂತಹ ಆಕರಶ್ರೇಣಿಯ ಬೆಲೆಯನ್ನು ಹೇಳಬೇಕಾಗಿಲ್ಲ.

ಈ ಚರಿತ್ರೆ ನಮಗೆ ಹೊರಗಿನದೂ ಅಲ್ಲ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಜಾಲದಲ್ಲಿ ಟಿಸಿಪಿ-ಐಪಿ ಮತ್ತು ಓಎಸ್‌ಐ ಎರಡೂ ಬಳಕೆಯಲ್ಲಿದ್ದು, 1995ರಿಂದೀಚೆಗೆ ಸಂಚಾರವೆಲ್ಲ ಬಹುಮಟ್ಟಿಗೆ ಮೊದಲನೆಯದರ ಪಾಲಾಯಿತು. ಪುಸ್ತಕದಲ್ಲಿ ಓದುವ ಸ್ಪರ್ಧೆ ನಮ್ಮ ನೆಲದಲ್ಲಿಯೂ ನಡೆದಿದೆ.

ಗ್ರಂಥಗಳನ್ನು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅಧ್ಯಾಪಕರು ಒಂದು ಅವಧಿಯನ್ನು ಮೀಸಲಿಟ್ಟು 1981ರ ಐಪಿ ದಾಖಲೆಯನ್ನು ವಿದ್ಯಾರ್ಥಿಗಳೊಡನೆ ಓದಬಹುದು. ‘ಏಳು ಸ್ತರಗಳನ್ನು ಚಿತ್ರಸಹಿತ ವಿವರಿಸಿ’ ಎಂಬ ಪ್ರಶ್ನೆಯ ಜೊತೆಗೆ ‘ಇವುಗಳಲ್ಲಿ ಯಾವುವು ಇಂಟರ್‌ನೆಟ್ಟಿನಲ್ಲಿ ಪ್ರತ್ಯೇಕವಾಗಿಲ್ಲ, ಏಕೆ?’ ಎಂಬ ಇನ್ನೊಂದನ್ನು ಕೇಳಬಹುದು. ಇಷ್ಟು ನಡೆದರೂ ಬಾಯಿಪಾಠದ ಸ್ಥಾನದಲ್ಲಿ ವಿಚಾರಕ್ಕೆ ಎಡೆ ದೊರೆಯುತ್ತದೆ.